ಕಾವಲಿಗೆ ಅನುದಾನ ಇಲ್ಲ

ಮೊದಲೇ ಹೇಳ್ಬಿಡ್ತೀನಿ, ಇದನ್ನ ಸಮಾಧಾನವಾಗಿ ಹೇಳೋಕೆ ನನಗೆ ಬರಲ್ಲ. ನಮ್ಮ ಪ್ರಮೋದಾ ಮೇಡಂ ಆದ್ರೆ ಸಮಾಧಾನವಾಗಿ ಹೇಳ್ತಾರೆ. ಅವರು ವಿಜ್ಞಾನಿ, ಸರ್ಕಾರದ ಜೊತೆ ತಲೆ ಚಚ್ಚಿಕೊಂಡು ಅಭ್ಯಾಸ ಆಗಿದೆ. ನಾನು ಅವರ ಪ್ರಾಜೆಕ್ಟಿನಲ್ಲಿ ಕೆಲಸಕ್ಕಿದ್ದ ಅರ್ಪಿತ, ಸಮೇತನಹಳ್ಳಿ ಗೋಪಾಲಪ್ಪನ ತಮ್ಮನ ಮಗಳು. ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ವಿಷಯ ರಾಗಿದು. ರಾಗಿಗೆ ಬೆಂಕಿ ರೋಗ ಅಂತ ಒಂದು ಬರುತ್ತೆ. ಪೈರೆಲ್ಲ ಚೆನ್ನಾಗೇ ಬಂದಿರುತ್ತೆ, ಇನ್ನೇನು ಕಾಳು ಕಟ್ಬೇಕು ಅನ್ನೋ ಹೊತ್ತಿಗೆ ತೆನೆ ಕುತ್ತಿಗೆ ಕಪ್ಪಾಗಿ ಒಣಗಿಹೋಗುತ್ತೆ. ಕುಯ್ದು ಬಡಿದ್ರೆ ಬರೀ ಜೊಳ್ಳು. ಮೇಡಂ ರಾಗಿ ಜಾತಿದೇ ಒಂದು ಕಾಡು ಹುಲ್ಲಿನಿಂದ ಆ ರೋಗ ತಡೆಯೋ ಗುಣ ತೆಗೆದು ನಮ್ಮ ರಾಗಿಗೆ ಸೇರಿಸಿದ್ರು. ತಲೆ ಕೂದಲು ಬೆಳ್ಳಗಾಗೋ ಅಷ್ಟು ವರ್ಷದ ಕೆಲಸ ಅದು. ಗಾಜಿನ ಮನೆಯಲ್ಲಿ ಬೆಳೆದು ನೋಡಿದ್ದಾಗಿತ್ತು. ಹೊಲದಲ್ಲಿ, ಗಾಳಿ ಮಳೆಯಲ್ಲಿ ಬೆಳೆದು ನೋಡೋದೊಂದು ಬಾಕಿ ಇತ್ತು.

ಹಂಗೆ ಜೀನ್ ಬದಲಿಸಿದ ಬೆಳೆನ ಹೊಲಕ್ಕೆ ಇಳಿಸೋಕೆ ಕಾನೂನಿದೆ. ಇರ್ಲಿ, ಇರ್ಬೇಕು ಕೂಡ. ಅದರ ಮೇಲೆ ನನ್ನ ಜಗಳ ಇಲ್ಲ. ಸುತ್ತ ಬೇಲಿ ಹಾಕ್ಬೇಕು, ಮೇಲೆ ಹಕ್ಕಿ ಬಲೆ ಕಟ್ಬೇಕು, ಒಂದು ಕಾಳೂ ಆಚೆ ಹೋಗಬಾರದು, ಹಗಲೂ ರಾತ್ರಿ ಕಾವಲಿರಬೇಕು. ಅನುಮತಿ ಕೊಟ್ಟ ಸಮಿತಿ ಹಿಂಗೆ ಬರೆದು ಸಹಿ ಹಾಕಿ ಕಳಿಸ್ತು. ಆದ್ರೆ ದುಡ್ಡು ಕೊಡೋದು ಇನ್ನೊಂದು ಇಲಾಖೆ. ಅವರು ಬೇಲಿಗೆ ಕೊಟ್ರು, ಬಲೆಗೆ ಕೊಟ್ರು. ಕಾವಲುಗಾರ ಅಂದ ತಕ್ಷಣ "ಕಾವಲಿಗೆ ಅನುದಾನ ಇಲ್ಲ" ಅಂತ ಒಂದೇ ಸಾಲು ಬರೆದು ಕೈ ತೊಳ್ಕೊಂಡ್ರು. ಮೇಡಂ ಎರಡು ಸಲ ದಿಲ್ಲಿಗೆ ಹೋಗಿ ಬಂದ್ರು. ಕಾವಲು ಸಿಗಲಿಲ್ಲ, ನಮ್ಮ ಮೀಟಿಂಗ್ ರೂಮಿಗೆ ಗೋಡೆಯಗಲದ ಟಿವಿ ಮಂಜೂರಾಯ್ತು. ನಗಬೇಡಿ, ದೇವ್ರಾಣೆ ನಿಜ.

ಜಮೀನು ಕೊಟ್ಟಿದ್ದು ನಮ್ಮ ದೊಡ್ಡಪ್ಪ ಗೋಪಾಲಪ್ಪ. ಒಪ್ಪಿಸಿದ್ದು ನಾನು.

"ಲೇ, ನಿನ್ನ ಸರ್ಕಾರಿ ರಾಗಿ ತಿಂದ್ರೆ ನನಗೆ ಕೊಂಬು ಗಿಂಬು ಬಂದ್ಬಿಡುತ್ತೇನೆ?" ಅಂದ್ರು.

"ಇರೋ ಕೊಂಬು ಸಾಲ್ದಾ ದೊಡ್ಡಪ್ಪ? ಇದು ತಿನ್ನೋಕಲ್ಲ, ನೋಡೋಕೆ."

"ರಾಗಿ ನೋಡೋಕೇನೆ ಇರೋದು, ಒಳ್ಳೆ ಸಿನಿಮಾ ನಟಿ!" ಅಂತ ನಕ್ಕು, ಕೆರೆ ಕೆಳಗಿನ ಗದ್ದೆ ಪಕ್ಕದ ತುಂಡು ಹೊಲ ಬಿಟ್ಟುಕೊಟ್ರು.

ಕಾವಲಿಗೆ ಯಾರು? ನಮ್ಮೂರ ನೀರಗಂಟಿ ಆವಲಪ್ಪಣ್ಣ. ಕೆರೆ ತೂಬು ತೆಗೆದು ಗದ್ದೆ ಗದ್ದೆಗೂ ನೀರು ಹಂಚ್ತಾ ಇದ್ದ ಮನೆತನ ಅವರದು. ಈಗ ತೂಬು ತೆಗೆದು ಎಷ್ಟು ಕಾಲ ಆಯ್ತೋ, ಎಲ್ಲಾರೂ ಬೋರ್‌ವೆಲ್. ಆದ್ರೂ ಹೊಲ ಕಾಯೋದ್ರಲ್ಲಿ ಆ ಮನುಷ್ಯನ್ನ ಮೀರಿಸೋರಿಲ್ಲ. ನಾನು ಹೋಗಿ ಕೇಳ್ದೆ. ಸಂಬಳ ಕೊಡ್ಸೋಕಾಗಲ್ಲ ಅಂತಾನೂ ಹೇಳ್ದೆ, ನಾಚಿಕೆ ಬಿಟ್ಟು.

"ನೀನು ಓದಿರೋ ಕೂಸು, ನಮ್ಮೂರಿಗೆ ಅಂತ ಏನೋ ತಂದಿದೀಯ. ಕಾಯ್ತೀನಿ ಹೋಗವ್ವ," ಅಂದ್ಬಿಟ್ರು.

ಆವತ್ತಿಂದ ಬೇಲಿ ಪಕ್ಕ ಒಂದು ಗುಡಿಸಲು ಹಾಕ್ಕೊಂಡು ಕೂತ್ರು. ಹಂದಿ ಬಂದ್ರೆ ಅಟ್ಟಿದ್ರು, ದನ ಬಂದ್ರೆ ಅಟ್ಟಿದ್ರು. ಬೈಕಲ್ಲಿ ಬಂದು ವಿಡಿಯೋ ಮಾಡ್ತಿದ್ದ ಹೈಕಳನ್ನೂ ಬಾಯಿಗೆ ಬಂದಂಗೆ ಬೈದು ಓಡಿಸಿದ್ರು. ಅವರ ಹೆಂಡ್ತಿ ಮುತ್ತಮ್ಮಕ್ಕ ಮೂರು ಹೊತ್ತೂ ಅಲ್ಲಿಗೇ ಊಟ ಹೊತ್ಕೊಂಡು ಬರೋದು. ಸರ್ಕಾರ ಕಾವಲು ಬೇಕು ಅಂತು, ಸರ್ಕಾರವೇ ಕಾವಲಿಗೆ ಕಾಸಿಲ್ಲ ಅಂತು, ಮಧ್ಯದಲ್ಲಿ ಈ ಮುದುಕ ಮಳೆ ಚಳಿಯಲ್ಲಿ ನಿಂತು ಕಾನೂನು ಪಾಲಿಸ್ತಾ ಇದ್ದ.

ಆ ವರ್ಷ ಬೆಂಕಿ ರೋಗ ಜೋರಾಗೇ ಬಂತು. ಸುತ್ತಮುತ್ತ ಹೊಲಗಳೆಲ್ಲ ಕಪ್ಪು. ಹೋಲಿಸಿ ನೋಡೋಕೆ ಅಂತ ನಮ್ಮ ಬೇಲಿ ಒಳಗೇ ಮಾಮೂಲಿ ರಾಗಿ ನಾಲ್ಕು ಸಾಲು ಹಾಕಿದ್ವಿ, ಅವೂ ಸತ್ತೋದ್ವು. ಅವುಗಳ ಪಕ್ಕದಲ್ಲೇ ಮೇಡಂ ರಾಗಿ ಮುಷ್ಟಿ ಬಿಗಿದಂಗೆ ತೆನೆ ಹಿಡ್ಕೊಂಡು ನಿಂತಿತ್ತು. ಜೋರಾಗಿ ಮಾತೇ ಆಡದ ಪ್ರಮೋದಾ ಮೇಡಂ ಬದು ಮೇಲೆ ಕೂತು ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು. ದೊಡ್ಡಪ್ಪ ಕೂಡ ಬೇಲಿ ಆಚೆ ನಿಂತು ನೋಡಿ, "ಇದು ರಾಗಿ ಕಣೇ!" ಅಂದ್ರು. ನನಗೆ ಎದೆ ಉಬ್ಬಿಹೋಯ್ತು.

ಇನ್ನು ಉಳಿದಿದ್ದು ಒಂದೇ. ಕುಯ್ದು, ಬಡಿದು, ತೂಕ ಹಾಕಿ, ಸೀಲ್ ಮಾಡಿ ಆ ರಾಗಿನ ಲ್ಯಾಬಿಗೆ ಸೇರಿಸಬೇಕು. ಲೆಕ್ಕ ಸರಿ ಹೋದ್ರೆ ಮುಂದಿನ ವರ್ಷ ಬೇರೆ ಬೇರೆ ಜಿಲ್ಲೆಯಲ್ಲಿ ಪರೀಕ್ಷೆ, ಆಮೇಲೆ ರೈತರ ಕೈಗೆ. ಲೆಕ್ಕ ತಪ್ಪಿದ್ರೆ ಎಲ್ಲಾ ಅಲ್ಲಿಗೇ ಮುಗೀತು. ಅನುಮತಿಯಲ್ಲಿ ಅದು ದಪ್ಪ ಅಕ್ಷರದಲ್ಲೇ ಇತ್ತು.

ಬಡಿಯೋ ಯಂತ್ರಕ್ಕೂ ದುಡ್ಡು ಬಂದಿರಲಿಲ್ಲ. ಅದಕ್ಕೇ ಬೇಲಿ ಒಳಗೇ ಟಾರ್ಪಾಲ್ ಹಾಸಿ ಕಣ ಮಾಡಿದ್ವಿ. ಬಡಿದು, ತೂರಿ, ರಾಶಿ ಮಾಡಿ ತೂಕ ಹಾಕಿದೆ. ಆ ತೂಕದ ಫೋಟೋ ತೆಗೆದು ಆಗಿಂದಾಗ್ಲೇ ಸಮಿತಿ ಆಪ್‌ಗೆ ಹಾಕ್ಬೇಕು, ಹಾಕ್ದೆ. ಸೀಲ್ ಮಾಡೋಕೆ ಬರೋ ಅಧಿಕಾರಿ ಜೀಪು ದಾರಿ ತಪ್ಪಿ ಎಲ್ಲೋ ಲೇಔಟ್ ಒಳಗೆ ಸಿಕ್ಕಾಕ್ಕೊಂಡಿತ್ತು. ಫೋನಲ್ಲಿ ಹೇಳಿ ಹೇಳಿ ಸಾಕಾಗಿ, ದಾರಿ ತೋರಿಸೋಕೆ ಅಂತ ನಾನೇ ಮೇನ್ ರೋಡಿಗೆ ಹೋದೆ. ಮೇಡಂ ಲ್ಯಾಬಲ್ಲಿದ್ರು, ಅಷ್ಟೇ ಹೊತ್ತು ನಾನೂ ಅಲ್ಲಿರಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ರಾಶಿಗೆ ಪೂಜೆ ಮಾಡಿದ್ದಾರೆ. ಪೂಜೆ ಆದ ಮೇಲೆ ಆಯ ಕೊಡ್ಬೇಕಲ್ಲ? ಹೊಲ ಕಾದೋರಿಗೆ, ನೀರು ಬಿಟ್ಟೋರಿಗೆ ಕಣದಲ್ಲೇ ಅವರ ಪಾಲು ಅಳೆದು ಕೊಡೋದು ನಮ್ಮಲ್ಲಿ ತಲೆತಲಾಂತರದಿಂದ ಬಂದಿದ್ದು. ಕಣಕ್ಕೆ ಬಂದೋರನ್ನ ಬರಿಗೈಲಿ ಕಳ್ಸಿದ್ರೆ ಆ ಮನೆ ಮಾನ ಉಳಿಯಲ್ಲ. ನಮ್ಮ ದೊಡ್ಡಮ್ಮ ಭಾಗ್ಯಮ್ಮ ಆವಲಪ್ಪಣ್ಣನಿಗೆ ಅಂತ ಮುತ್ತಮ್ಮಕ್ಕನ ಮಡಿಲಿಗೆ ಒಂದು ಮೊರ ರಾಗಿ ಸುರಿದಿದ್ದಾರೆ. ದೊಡ್ಡಪ್ಪನೂ ಅಲ್ಲೇ ನಿಂತು ನೋಡಿದ್ದಾರೆ. ಇಬ್ಬರಿಗೂ ಅದು ತಪ್ಪು ಅಂತ ಹೊಳೆದೇ ಇಲ್ಲ, ಉಸಿರಾಡೋದು ತಪ್ಪು ಅಂತ ಯಾರಿಗಾದ್ರೂ ಹೊಳೆಯುತ್ತಾ?

ಜೀಪಿಗೆ ದಾರಿ ತೋರಿಸಿ ನಾನು ಅಡ್ಡದಾರೀಲಿ ವಾಪಸ್ ಬಂದ ತಕ್ಷಣ ದೊಡ್ಡಮ್ಮ ಸಂಭ್ರಮದಲ್ಲಿ ಹೇಳಿದ್ರು. ಅಯ್ಯೋ ಶಿವನೇ! ಜೀಪು ಇನ್ನೂ ಹಿಂದೆ, ಮಣ್ಣು ರಸ್ತೇಲಿ ತೆವಳ್ತಾ ಇತ್ತು. ಒಂದೇ ಓಟಕ್ಕೆ ಮುತ್ತಮ್ಮಕ್ಕನ ಮನೆಗೆ ಹೋದೆ.

"ಅಕ್ಕ, ಆ ರಾಗಿ ವಾಪಸ್ ಕೊಟ್ಬಿಡು. ಬೈಕೋಬೇಡ. ಕೊಡ್ಲಿಲ್ಲ ಅಂದ್ರೆ ಎಲ್ಲಾ ಹಾಳಾಗುತ್ತೆ."

ಕಣದಲ್ಲಿ ಕೊಟ್ಟಿದ್ದನ್ನ ವಾಪಸ್ ಕೇಳೋದು! ನಮ್ಮ ವಂಶದಲ್ಲಿ ಯಾರೂ ಮಾಡಿರ್ಲಿಲ್ಲ. ಆಯಮ್ಮ ನನ್ನ ಮುಖ ಒಂದು ಸಲ ನೋಡ್ತು, ಯಾಕೆ ಅಂತ ಕೇಳ್ಲಿಲ್ಲ. ಒಳಗೆ ಹೋಗಿ ಚೀಲದಲ್ಲಿ ತುಂಬಿ ತಂದು ಕೊಡ್ತು. ನಾನು ಎತ್ತಿಕೊಂಡು ಓಡಿಬಂದು ರಾಶಿಗೆ ಸುರಿದೆ. ಜೀಪು ಬೇಲಿ ಹತ್ರ ನಿಂತಿತು.

ಇಳಿದವರು ಸುನಿಲ್‌ಕುಮಾರ್ ಅಂತ, ಸಮಿತಿ ಕಡೆಯ ಅಧಿಕಾರಿ. ಒಳ್ಳೆ ಮನುಷ್ಯರೇ, ಹೆಸರಿಡೋ ಹಂಗಿಲ್ಲ. ಮತ್ತೆ ತೂಕ ಹಾಕಿಸಿದ್ರು. ಫೋನಲ್ಲಿ ನಾನು ಹಾಕಿದ್ದ ತೂಕ ನೋಡಿದ್ರು, ತಕ್ಕಡಿ ನೋಡಿದ್ರು, ನನ್ನ ಕಡೆ ತಿರುಗಿದ್ರು.

"ಮೇಡಂ, ಜಾಸ್ತಿ ಇದೆಯಲ್ಲ?"

ಜಾಸ್ತಿ! ಕಡಿಮೆ ಆಗಿದ್ರೆ ತೇವ ಆರಿತು, ಹೊಟ್ಟು ಹಾರಿತು ಅಂತ ಏನಾದ್ರೂ ಹೇಳಬಹುದಿತ್ತು. ಆರಿದ ರಾಗಿ ಜಾಸ್ತಿ ಆಗೋಕೆ ಎಲ್ಲಾದ್ರೂ ಉಂಟಾ? ಅಷ್ಟರಲ್ಲಿ ದೊಡ್ಡಮ್ಮ ಮುಂದೆ ಬಂದು, ಮನೆಗೆ ಬಂದ ಬೀಗರ ಹತ್ರ ಮಾತಾಡೋ ಹಂಗೆ ಶುರು ಮಾಡಿದ್ರು.

"ಅದಾ ಸಾರ್? ಕಾವಲು ಕಾದೋರ್ಗೆ ಆಯ ಕೊಟ್ಟಿದ್ವಿ. ಕೊಡಬಾರದಂತೆ, ನಮ್ಮ ಹುಡುಗಿ ಹೋಗಿ ವಾಪಸ್ ಈಸ್ಕೊಂಡು ಬಂದ್ಲು. ಮುತ್ತಮ್ಮ ಮರ್ಯಾದಸ್ಥೆ ಸಾರ್, ಈಸ್ಕೊಂಡಷ್ಟೇ ವಾಪಸ್ ಕೊಡೋಳಲ್ಲ. ತಮ್ಮನೆ ರಾಗಿ ಎರಡು ಬೊಗಸೆ ಸೇರಿಸೇ ಕೊಟ್ಟಿರ್ತಾಳೆ."

ಹೌದು, ಸೇರಿಸಿದ್ರು. ನಮ್ಮೂರಲ್ಲಿ ಯಾರೂ ಈಸ್ಕೊಂಡ ಕಾಳನ್ನ ಅಳತೆಗೆ ಸರಿಯಾಗಿ ಹಿಂತಿರುಗಿಸಲ್ಲ. ಮೇಲೊಂದಿಷ್ಟು ಹಾಕ್ತಾರೆ. ನಾನೂ ಇದೇ ಊರಲ್ಲಿ ಹುಟ್ಟಿದವಳು, ನನಗೂ ಆ ಗಾಬರಿಯಲ್ಲಿ ನೆನಪಾಗ್ಲಿಲ್ಲ.

ಸುನಿಲ್‌ಕುಮಾರ್ ತಲೆ ಮೇಲೆ ಕೈ ಹೊತ್ಕೊಂಡ್ರು. "ನಾನು ಇದನ್ನ ಕೇಳಿಸ್ಕೊಳ್ದೇ ಇದ್ದಿದ್ರೆ ಚೆನ್ನಾಗಿತ್ತು ಮೇಡಂ," ಅಂದ್ರು. ಕೇಳಿಸ್ಕೊಂಡಾಗಿತ್ತು. ಬರ್ಕೊಂಡ್ರು.

ಸಮಿತಿ ಮುಂದೆ ಮೇಡಂ ಜೊತೆ ನಾನೂ ಹೋದೆ. ಉದ್ದ ಮೇಜು, ಆ ಕಡೆ ಸಾಲಾಗಿ ಕೂತಿದ್ರು. ಆ ರಾಗಿ ರೋಗಕ್ಕೆ ಬಗ್ಗಿತೋ ಇಲ್ವೋ ಅಂತ ಒಬ್ಬನೂ ಕೇಳಲಿಲ್ಲ. ಮೇಡಂ ತಂದಿದ್ದ ಫೋಟೋ ಕವರಿನಿಂದ ಆಚೆ ಬರಲೇ ಇಲ್ಲ. ಕೇಳಿದ್ದು ಒಂದೇ ಪ್ರಶ್ನೆ.

"ನೇಮಕಗೊಂಡ ಕಾವಲುಗಾರ ಯಾಕಿರಲಿಲ್ಲ? ಕೂಲಿಗೆ ಬದಲು ಬೆಳೆ ತಗೊಳ್ಳೋನನ್ನ ಯಾಕೆ ಇಟ್ಕೊಂಡ್ರಿ?"

ನನಗೆ ತಲೆ ಕೆಟ್ಟೋಯ್ತು. ಎದ್ದು ನಿಂತೆ. "ಕಾವಲಿಗೆ ಕಾಸು ಕೊಡಲ್ಲ ಅಂದೋರು ನೀವೇ ಅಲ್ವೇನ್ರೀ? ಬರೆದು ಕೊಟ್ಟಿದ್ದೀರಲ್ಲ!"

ಮಧ್ಯದಲ್ಲಿ ಕೂತಿದ್ದೋರು ಕನ್ನಡಕ ಸರಿ ಮಾಡ್ಕೊಂಡು, "ಅದು ಬೇರೆ ಇಲಾಖೆಮ್ಮ, ನಮಗೆ ಸಂಬಂಧ ಇಲ್ಲ," ಅಂದ್ರು.

"ಎರಡೂ ಇಲಾಖೆ ಬೋರ್ಡ್ ಮೇಲೆ ಅದೇ ಮೂರು ಸಿಂಹ ಇರೋದಲ್ವಾ ಸಾರ್?"

ಮೇಡಂ ನನ್ನ ಸೆರಗು ಹಿಡಿದು ಎಳೆದು ಕೂರಿಸಿದ್ರು. ಕೂತೆ. ಕೂರಬಾರದಿತ್ತು.

ಆದೇಶ ಬಂತು. ಅನಧಿಕೃತ ಹಂಚಿಕೆ, ಬೇರೆ ಕಾಳಿನ ಬೆರಕೆ. ಕಣದ ರಾಗಿ, ಲ್ಯಾಬಿನಲ್ಲಿ ಉಳಿದಿದ್ದ ಬಿತ್ತನೆ ಬೀಜ, ಎರಡನ್ನೂ ಬೆಳೆದ ಜಾಗದಲ್ಲೇ ಸುಟ್ಟು ವಿಡಿಯೋ ಕಳಿಸಬೇಕು. ಪರೀಕ್ಷೆಯ ಅಂಕಿಅಂಶ ಮಾನ್ಯ ಅಲ್ಲ. ಅದನ್ನ ನೋಡಿ ದುಡ್ಡು ಕೊಡೋ ಇಲಾಖೆ ಉಳಿದ ಕಂತು ನಿಲ್ಲಿಸ್ತು. ಕಾವಲುಗಾರನ ವಿಷಯಕ್ಕೆ ಮೇಡಂ ಎರಡು ಸಲ ದಿಲ್ಲಿಗೆ ಅಲೆದ್ರೂ ಅಲುಗಾಡದೇ ಇದ್ದೋರು ಇದಕ್ಕೆ ಅದೇ ವಾರದಲ್ಲಿ ಬರೆದ್ರು. ಥೂ, ಇವರ ಚುರುಕಿಗಿಷ್ಟು!

ಗುಂಡಿ ತೋಡಿದ್ವಿ. ಸಾಕ್ಷಿಗೆ ಅಂತ ಊರವರನ್ನ ಕರೀಬೇಕಿತ್ತು, ಕಾರಣ ಓದಿ ಹೇಳ್ಬೇಕಿತ್ತು, ಅದೂ ನಿಯಮ. ಸುನಿಲ್‌ಕುಮಾರ್ ಕಾಗದದಿಂದ ತಲೆ ಎತ್ತದೇ ಓದಿದ್ರು. ಮುತ್ತಮ್ಮಕ್ಕ ಹಿಂದೆ ನಿಂತಿತ್ತು. ತನ್ನ ಹೆಸರು ಕೇಳಿದ್ದೇ ಜನರನ್ನ ತಳ್ಳಿಕೊಂಡು ಮುಂದೆ ಬಂತು.

"ಎರಡು ಬೊಗಸೆ ನನ್ನ ರಾಗಿ ಬಿದ್ದಿದ್ದಕ್ಕಾ ಸ್ವಾಮಿ? ನಮ್ಮನೆ ರಾಗಿ ಅಷ್ಟು ಕೆಟ್ಟದ್ದಾ? ನಾವು ಉಣ್ಣೋ ರಾಗಿ ಕಣಪ್ಪ ಅದು!"

ಆವಲಪ್ಪಣ್ಣ ಬಂದು ಹೆಂಡ್ತಿ ರಟ್ಟೆ ಹಿಡ್ಕೊಂಡು ಕರ್ಕೊಂಡು ಹೋದ್ರು. ನನಗೆ ಆ ಮೇಜಿನ ಹಿಂದೆ ಕೂತಿದ್ದ ಅಷ್ಟೂ ಜನರನ್ನ ಅಲ್ಲಿ ತಂದು ನಿಲ್ಲಿಸಿ, ಆಯಮ್ಮನ ಮುಖ ನೋಡ್ರೋ ಅನ್ನಬೇಕು ಅನ್ನಿಸ್ತು. ಪ್ರಾಜೆಕ್ಟಿನವರೇ ಹಚ್ಚಬೇಕು ಅಂತ ಆದೇಶ. ಮೇಡಂ ಕೈಯಿಂದ ಬೆಂಕಿಪೊಟ್ಟಣ ನಾನೇ ಕಿತ್ಕೊಂಡೆ. ರಾಗಿ ಹುರಿಯೋ ವಾಸನೆ ಊರೆಲ್ಲ ತುಂಬಿಕೊಳ್ತು, ಹುರಿಹಿಟ್ಟು ಮಾಡೋ ದಿನದ ಹಂಗೆ. ಮಕ್ಕಳು ಏನೋ ತಿಂಡಿ ಮಾಡ್ತಿದಾರೆ ಅಂತ ಓಡಿ ಬಂದ್ವು.

ಮುಂದಿನ ಮಳೆಗಾಲಕ್ಕೆ ನನಗೆ ಕೆಲಸ ಇರ್ಲಿಲ್ಲ. ಈಗ ಪಿಲ್ಲಗುಂಪೆ ಕಡೆ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡ್ಕೋತೀನಿ. ಮೇಡಂ ನಿವೃತ್ತರಾದ್ರು. ಬೆಂಕಿ ರೋಗ ಮಾತ್ರ ಸರಿಯಾದ ಹೊತ್ತಿಗೆ ಬಂತು, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಔಷಧಿ ಹೊಡೆಯೋಕೆ ಸರ್ಕಾರ ಡ್ರೋನ್ ಕಳಿಸ್ತು, ಸಬ್ಸಿಡಿ ಬೇರೆ. ಊರವರು ಆಕಾಶ ನೋಡ್ಕೊಂಡು ಫೋಟೋ ತೆಗೆದ್ರು. ಅದು ಬರೋ ಹೊತ್ತಿಗೆ ಕುತ್ತಿಗೆ ಒಣಗಿಹೋಗಿತ್ತು.

ಭಾನುವಾರ ಊರಿಗೆ ಹೋದಾಗ ದೊಡ್ಡಪ್ಪ ಹೊಲದಲ್ಲಿದ್ರು. ಕಪ್ಪು ತೆನೆ ಒಂದನ್ನ ಕಿತ್ತು ಕೈಯಲ್ಲಿ ತಿಕ್ಕಿದ್ರು, ಬರೀ ಹೊಟ್ಟು ಹಾರಿಹೋಯ್ತು. ನನ್ನ ಹತ್ರ ಬಂದು, ಯಾರೂ ಇಲ್ಲದಿದ್ರೂ ದನಿ ತಗ್ಗಿಸಿ ಕೇಳಿದ್ರು.

"ಲೇ, ನಿಜ ಹೇಳು. ಆವತ್ತು ಸುಡೋಕೆ ಮುಂಚೆ ಸ್ವಲ್ಪನಾದ್ರೂ ಎತ್ತಿಟ್ಕೊಂಡಿದೀಯ ತಾನೆ? ನಾನು ಯಾರಿಗೂ ಹೇಳಲ್ಲ."

"ಇಲ್ಲ ದೊಡ್ಡಪ್ಪ. ಒಂದು ಕಾಳೂ ಇಲ್ಲ. ಎಲ್ಲಾ ನಾನೇ ಸುಟ್ಟೆ."

ಅವರು ಕೈಯಲ್ಲಿದ್ದ ತೆನೆ ಕಡ್ಡಿನ ಬದು ಮೇಲೆ ಎಸೆದ್ರು.

"ಅಷ್ಟು ಓದಿದೀಯ," ಅಂದ್ರು. "ನಿನ್ನ ಬೆಳೆ ನೀನು ಕದಿಯೋಕೂ ಬರ್ಲಿಲ್ವಲ್ಲೇ."