ವಾಡಿಯಲ್ಲಿ ಹತ್ತಿದ ಅಜಂತಾ

ಕಲ್ಲು, ಮತ್ತೆ ಕಲ್ಲು, ಹಳಿಯ ಪಕ್ಕದಲ್ಲಿ ಒಂದರ ಮೇಲೊಂದು ಒಟ್ಟಿದ ಬೂದು ಫರಸಿ ಹಾಸುಗಲ್ಲುಗಳು, ಶಹಾಬಾದ ಬಂತೆಂದು ಬೋರ್ಡು ನೋಡದೆಯೂ ಹೇಳಬಹುದು, ಕಿಟಕಿಯ ಸರಳಿನ ಮೇಲೂ ಅದೇ ಪುಡಿ, ಬೆರಳಾಡಿಸಿದರೆ ಬೆರಳು ಬಿಳಿ, ಮತ್ತು ಕಾಲ ಬಳಿ ನನ್ನ ಬ್ಯಾಗು, ಆಹಾ ಎಷ್ಟು ಹಗುರ, ಎರಡು ಸೀರೆ, ಒಂದು ಟವೆಲ್ಲು, ಬಾಚಣಿಗೆ, ಅಷ್ಟೇ — ಸೊಲ್ಲಾಪುರದಲ್ಲಿ ಹತ್ತಿದ ಎದುರು ಸೀಟಿನ ಅಜ್ಜಿಗೆ ತಡೆಯಲಾಗಲಿಲ್ಲ, ಏನವಾ, ಅಜಂತಾ ನೋಡ್ಕೊಂಡು ಬರಾಕತ್ತೀನಿ ಅಂತಿ, ಬ್ಯಾಗು ನೋಡಿದ್ರ ದವಾಖಾನಿಯಿಂದ ಬಂದಂಗದ, ಮನಿ ಮಂದಿಗೆ ಏನೂ ತಗೊಂಡಿಲ್ಲೇನು? ತಗೊಂಡೀನ್ರೀ ಅಮ್ಮ, ಮುಂದ ವಾಡಿಯಾಗ ಅದ. ಅಜ್ಜಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು, ನೋಡಲಿ, ಮೂರು ದಿನದಿಂದ ನನಗೆ ಒಳಗೊಳಗೇ ನಗು, ಹದಿನಾಲ್ಕು ಮಂದಿಗೆ ಹದಿನಾಲ್ಕು ಉಡುಗೊರೆ, ನಾವು ರೈಲು ಹತ್ತುವ ಒಂದು ವಾರ ಮೊದಲೇ ವಾಡಿಗೆ ಬಂದು ಕೂತಿವೆ, ಒಂದಕ್ಕೂ ಅಂಗಡಿಯ ಮುಂದೆ ನಿಂತಿಲ್ಲ, ಒಬ್ಬನ ಹತ್ತಿರವೂ ಚೌಕಾಸಿ ಮಾಡಿಲ್ಲ. ಪಕ್ಕದಲ್ಲಿ ಗಂಡ ಸುರೇಶಕುಮಾರರು ಬಾಯಿ ತೆರೆದು ನಿದ್ದೆ ಹೋಗಿದ್ದಾರೆ, ಸಿಮೆಂಟು ಕಾರ್ಖಾನೆಯಲ್ಲಿ ಪಾಳಿ ಮಾಡಿ ಮಾಡಿ ಕೂತಲ್ಲೇ ನಿದ್ದೆ ಹತ್ತುವ ಮನುಷ್ಯ, ನೀತಿ ಹೇಳುವಾಗ ಮಾತ್ರ ಪೂರ್ತಿ ಎಚ್ಚರ, ಹೊರಡುವ ಮೊದಲೇ ಅಂದಿದ್ದರು, ಇದು ಮೋಸ ಆಗ್ತದ ಲುಂಬಿನಿ, ಹೋಗೋಕ್ಕಿಂತ ಮೊದಲೇ ತರಿಸಿದ್ರ ಅದು ಅಲ್ಲಿಂದ ತಂದಂಗ ಹ್ಯಾಂಗ ಆಗ್ತದ? ನೀವು ಆರಾಮ ಇರ್ರಿ, ಮೋಸ ಯಾವುದು, ರಿವಾಜು ಯಾವುದು ನಂಗ ಗೊತ್ತದ.

ರಿವಾಜು ಅಂದರೆ ನಮ್ಮ ಮನೆಯದು ಸಾಮಾನ್ಯ ರಿವಾಜಲ್ಲ, ಪರ ಊರಿಂದ ಬಂದವರ ಬ್ಯಾಗನ್ನು ಬಂದವರು ಬಿಚ್ಚುವ ಹಾಗಿಲ್ಲ, ಹಿರಿಯರು ಬಿಚ್ಚಬೇಕು, ಪಡಸಾಲೆಯ ನಡುವೆ, ಎಲ್ಲರೂ ಕೂತ ಮೇಲೆ, ತಳ ಕಾಣುವ ತನಕ. ಮಾವ ಭೀಮಶ್ಯಾ ಹಾಕಿಕೊಟ್ಟ ಪದ್ಧತಿ, ನಾಗಪುರದ ದೀಕ್ಷಾಭೂಮಿಯಿಂದ ಬಂದವರು ಬ್ಯಾಗನ್ನು ಹೆಂಡತಿಯ ಮುಂದಿಟ್ಟು, ಎಲ್ಲಾರ ಕಣ್ಣ ಮುಂದ ಹಂಚು ಮಾಣಿಕಾ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಮ್ಮಿ ಆಗಬಾರದು ಅಂದರಂತೆ, ಮಾವ ಹೋಗಿ ಒಂಬತ್ತು ವರ್ಷ, ಪದ್ಧತಿ ಕಲ್ಲಿನ ಹಾಗೆ ಕೂತಿದೆ. ಅದಕ್ಕೇ ಮೂರು ವರ್ಷದ ಹಿಂದೆ, ಮೊದಲನೇ ಸಲ ಅಜಂತಾಕ್ಕೆ ಹೋದಾಗ, ನನ್ನ ಕೈಯಲ್ಲಿ ಪಟ್ಟಿ, ಪಟ್ಟಿಯಲ್ಲಿ ಹದಿನಾಲ್ಕು ಹೆಸರು, ಬಸ್ಸಿಳಿದ ಕೂಡಲೇ ಒಬ್ಬ ಓಡಿ ಬಂದು ಕೈಯಲ್ಲಿ ಹೊಳೆಯುವ ಹರಳು ಇಟ್ಟ, ದೀದಿ, ಯೇ ಆಪ್ ಕೇ ಲಿಯೇ ಫ್ರೀ, ಸಿರ್ಫ್ ಮೇರಿ ದುಕಾನ್ ದೇಖೋ, ಒಂದು ಹರಳಿಗೆ ಕಟ್ಟುಬಿದ್ದು ಅವನ ಅಂಗಡಿಯಲ್ಲಿ ಮೂರು ತಾಸು, ಕಲ್ಲಿನ ಆನೆ ತಗೋ, ಕೀಲಿಕೈ ಚೈನು ತಗೋ, ಹಿಮ್ರು ಶಾಲು ತಗೋ, ಇದು ನಾದಿನಿಗೆ ಸಾಲದು, ಅದು ಮೈದುನನ ಹೆಂಡತಿ ಪೂನಮ್‌ಗೆ ಹಿಡಿಸದು, ಕೊನೆಗೆ ಗುಡ್ಡ ಹತ್ತಿ ಇಪ್ಪತ್ತಾರನೇ ಗುಹೆ ಮುಟ್ಟುವ ಹೊತ್ತಿಗೆ ಕಾವಲುಗಾರ ಸೀಟಿ ಊದಿದ, ಟೈಮ್ ಹೋ ಗಯಾ ಮೇಡಂ, ವಾಪಸ್, ವಾಪಸ್. ಮಲಗಿದ ಬುದ್ಧ ಆ ಬಾಗಿಲ ಒಳಗೆ, ಹತ್ತು ಹೆಜ್ಜೆ. ನಾನು ಹೊರಗೆ, ಎರಡು ಕೈಯಲ್ಲಿ ಚೀಲ. ಮನೆಗೆ ಬಂದರೆ ಪೂನಮ್ ಆನೆಯನ್ನು ತಿರುಗಿಸಿ ನೋಡಿ, ಅಕ್ಕಾ, ಇಂಥವು ನಮ್ಮ ಸೇಡಂ ಬಸ್‌ಸ್ಟ್ಯಾಂಡಿನಾಗೂ ಸಿಗ್ತಾವ ಬಿಡ್ರಿ ಅಂದಳು, ಅದು ಹೋಗಲಿ, ಅದನ್ನು ನುಂಗಿದೆ, ಅತ್ತೆಯದನ್ನು ನುಂಗಲಾಗಲಿಲ್ಲ. ಅತ್ತೆ ಮಾಣಿಕಮ್ಮ ಇಪ್ಪತ್ತೆರಡು ವರ್ಷ ಶಹಾಬಾದಿನ ಖಣಿಯಲ್ಲಿ ಫರಸಿ ಕಡಿದವರು, ಈಗ ಎದೆಯಲ್ಲಿ ಕಲ್ಲಿನ ಪುಡಿ, ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ, ಗುಡ್ಡ ಹತ್ತುವ ಮಾತೇ ಇಲ್ಲ, ತನಗೆ ಬಂದ ಶಾಲನ್ನು ಬದಿಗಿಟ್ಟು ಒಂದೇ ಕೇಳಿದರು, ಮಲಗಿದ್ದ ಬುದ್ಧ ಹ್ಯಾಂಗದಾನ ಲುಂಬಿನಿ? ನಾನು, ಭಾಳ ದೊಡ್ಡಂವ ಅದಾನ್ರೀ ಅತ್ತಿ ಅಂದೆ. ದೊಡ್ಡಂವ! ಮತ್ತ? ಅಂದರು. ಮತ್ತೇನೂ ಇರಲಿಲ್ಲ ನನ್ನ ಹತ್ತಿರ, ಅವರು ನನ್ನ ಮುಖ ನೋಡಿದರು, ತಿಳಿಯಿತು ಅವರಿಗೆ, ಏನೂ ಅನ್ನಲಿಲ್ಲ. ಬೈದಿದ್ದರೆ ಮೂರು ವರ್ಷ ನಾನು ಹೀಗೆ ಒದ್ದಾಡುತ್ತಿರಲಿಲ್ಲ.

ಈ ಸಲ ನೋಡು, ಈ ಸಲ ತಲೆ ಓಡಿಸಿದೆ, ಹಾವೂ ಸಾಯಬೇಕು ಕೋಲೂ ಮುರಿಯಬಾರದು — ಆ ಅಂಗಡಿಯ ಮಾಲೆಲ್ಲ ಫೋನಿನಲ್ಲಿದೆ, ಅದೇ ಆನೆ, ಅದೇ ಶಾಲು, ಅರ್ಧ ಬೆಲೆ. ಆದರೆ ಕಂಡದ್ದೆಲ್ಲ ಒತ್ತಿ ತರಿಸುವುದಲ್ಲ, ಅದಕ್ಕೂ ಒಂದು ಮರ್ಯಾದೆ ಇದೆ, ಅಲ್ಲಿ ಸಿಗದ ವಸ್ತುವನ್ನು ಅಲ್ಲಿಯದೆಂದು ಕೊಡಬಾರದು, ಬೆಲೆಯ ಚೀಟಿ ಕೀಳಬೇಕು, ಇದು ಅಂಗನವಾಡಿ ಮಕ್ಕಳಿಗೂ ಗೊತ್ತು, ಕೊಡುವಾಗ ನಾನೇ ಮಳೆಯಲ್ಲಿ ನೆನೆದು ಆರಿಸಿದೆ ಎಂದು ಕಥೆ ಕಟ್ಟಬಾರದು, ತಗೋರಿ ಅಂದು ಕೈಗಿಟ್ಟು ಸುಮ್ಮನಾಗಬೇಕು, ಯಾರಾದರೂ ನೇರ ಕೇಳಿದರೆ ಸುಳ್ಳಾಡಬಾರದು, ಎಲ್ಲಕ್ಕಿಂತ ದೊಡ್ಡದು, ಉಳಿದ ಹೊತ್ತನ್ನು ಹೋಟೆಲಿನ ಮಂಚಕ್ಕೆ ಹಾಕಬಾರದು. ಹಾಕಲಿಲ್ಲ. ಸೇಡಂಗೆ ತರಿಸಿದರೆ ಪಾರ್ಸೆಲ್ಲಿನ ಸಪ್ಪಳಕ್ಕೇ ಪೂನಮ್ ಕತ್ತರಿ ಹಿಡಿದು ಬರುತ್ತಾಳೆ, ಅದಕ್ಕೇ ವಾಡಿ, ಬಿ.ಎಡ್. ಗೆಳತಿ ಪ್ರಮಿತಾಳ ಮನೆ, ಮಠದ ಪೂಜೆಯ ಮನೆತನ, ಮಡಿ ಗಿಡಿ ಎಲ್ಲಾ ಇದ್ದರೂ ಗೆಳೆತನಕ್ಕೆ ಮಡಿ ಇಲ್ಲದ ಹೆಂಗಸು, ಇಗೋ ವಾಡಿ, ಇಗೋ ಪ್ಲಾಟ್‌ಫಾರ್ಮು, ಮಿರ್ಚಿ ಭಜಿಯ ವಾಸನೆ, ಅಗೋ ಪ್ರಮಿತಾ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಕೆಂಪು ಬ್ಯಾಗು ಹಿಡಿದು ಓಡುತ್ತಿದ್ದಾಳೆ, ಯಾವ ಡಬ್ಬಿ ಲೇ, ಎಸ್ ಮೂರು ಅಂದಿ, ನಾ ಎಸ್ ಒಂದರಿಂದ ಓಡಾಕತ್ತೀನಿ! ಬಾಗಿಲಿಗೆ ಹೋಗಿ ಬ್ಯಾಗು ಎಳೆದುಕೊಂಡೆ, ಎಲ್ಲಾ ಅದಾವೇನ? ಅದಾವ, ಚೀಟಿ ಕಿತ್ತೀನಿ, ನಾನೂ ಒಂದೀಟು ಇಟ್ಟೀನಿ, ಮನಿಗೆ ಹೋಗಿ ನೋಡು, ಸೀಟಿ ಆಯಿತು, ಅವಳ ಮಾತು ಗಾಲಿಯ ಸದ್ದಿಗೆ ಸಿಕ್ಕಿತು. ಎದುರು ಸೀಟಿನ ಅಜ್ಜಿಯ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ, ಅಯ್ಯ ಶಿವನೇ, ಖರೇನೇ ವಾಡಿಯಾಗ ಇತ್ತಲ್ಲವ್ವಾ! ಗಂಡನಿಗೂ ಎಚ್ಚರವಾಗಿ, ಬ್ಯಾಗನ್ನು ಮೇಲಿಡಲು ಎದ್ದರು.

ಬೇಡ, ಕೆಳಗೇ ಇರಲಿ, ಒಮ್ಮೆ ನೋಡುತ್ತೇನೆ, ಜಿಪ್ ಅರ್ಧ ಸರಿಸಿ ಮೇಲಿನ ಡಬ್ಬಿ ತೆರೆದೆ, ಮಲಗಿದ ಬುದ್ಧ, ಗೇಣುದ್ದದವು, ಕರಿ ಬಣ್ಣ ಹೊಡೆದ ನಯವಾದ ಬುದ್ಧ, ಒಂದನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ, ಕಣ್ಣು ಮುಚ್ಚಿದೆ, ಸರಿ, ಬಲಗೈ ಕೆನ್ನೆಯಡಿ, ಸರಿ, ಆದರೆ ಏನೋ ಇಲ್ಲ, ಏನಿಲ್ಲ — ದಿಂಬು! ದಿಂಬು ಚಪ್ಪಟೆ, ಹಲಗೆಯ ಹಾಗೆ, ತಲೆಯನ್ನು ಅದರ ಮೇಲೆ ಅಂಟಿಸಿಟ್ಟಂತೆ. ತಿಂಗಳ ಹಿಂದೆ ಫೋನಿನಲ್ಲಿ ಇದೇ ಚಿತ್ರವನ್ನು ಹತ್ತು ಸಲ ದೊಡ್ಡದು ಮಾಡಿ ನೋಡಿದ್ದೆ, ಆಗ ಕಂಡಿರಲಿಲ್ಲ, ಈಗ ಕಂಡಿತು, ಯಾಕೆಂದರೆ ಮೊನ್ನೆ, ಬುಧವಾರ, ಬಾಗಿಲು ತೆಗೆಯುವ ಹೊತ್ತಿಗೇ ನಿಂತಿದ್ದೆ, ಹರಳು ಹಿಡಿದು ಓಡಿ ಬಂದವನಿಗೆ ಎರಡೂ ಅಂಗೈ ಬಿಚ್ಚಿ ತೋರಿಸಿದೆ, ಭೈಯಾ, ಖರೀದಿ ಸಬ್ ಹೋ ಗಯಾ, ಅವನು ನಕ್ಕು ದಾರಿ ಬಿಟ್ಟ, ಬೇರೆ ಗುಹೆಗಳನ್ನು ಆಮೇಲೆ ನೋಡಿದರಾಯಿತೆಂದು ನೆಟ್ಟಗೆ ಇಪ್ಪತ್ತಾರಕ್ಕೇ ನಡೆದೆ, ಒಳಗೆ ತಂಪು, ಕತ್ತಲು, ಬಾವಲಿಯ ವಾಸನೆ, ಎಡಗಡೆ ಗೋಡೆಯುದ್ದಕ್ಕೂ ಅವನು, ಆ ಗೋಡೆಯ ಎದುರು ನೆಲದ ಮೇಲೆ ಕೂತೆ, ಒಂದು ತಾಸು, ಎರಡು ತಾಸು, ಜನ ಬಂದರು, ಸೆಲ್ಫಿ ಹೊಡೆದರು, ಚೀಲ ಸರಸರ ಅನ್ನಿಸುತ್ತ ಓಡಿದರು, ನಾನು ಕೂತೆ, ಕಣ್ಣು ಕತ್ತಲಿಗೆ ಪಳಗಿದ ಮೇಲೆ ಮೊದಲು ಮೂಗು ಕಂಡಿತು, ಆಮೇಲೆ ತುಟಿ, ಆಮೇಲೆ, ತಲೆಯ ಕೆಳಗೆ, ದಿಂಬು ತಗ್ಗಿತ್ತು. ಕಲ್ಲಿನ ದಿಂಬು. ತಲೆಯ ಭಾರಕ್ಕೆ ಒಳಗೆ ಇಳಿದು, ಆಚೆ ಈಚೆ ಉಬ್ಬಿ, ಹತ್ತಿಯದೇ ಎನ್ನುವ ಹಾಗೆ, ಈಗಷ್ಟೇ ಯಾರೋ ಸುಸ್ತಾಗಿ ತಲೆಯಿಟ್ಟರು ಎನ್ನುವ ಹಾಗೆ — ಅಲ್ಲೇ ನನಗೆ ಅಳು ಬಂತು, ಒಳ್ಳೇ ಅಳು, ಪಕ್ಕದಲ್ಲಿದ್ದ ಗಂಡ ಹೆದರಿ ನೀರಿನ ಬಾಟಲಿ ಚಾಚಿದರು. ರೈಲು ಚಿತ್ತಾಪುರ ದಾಟಿತು, ತೊಗರಿಯ ಹೊಲ ದಾಟಿತು, ನಾನು ಚಪ್ಪಟೆ ದಿಂಬಿನ ಬುದ್ಧನನ್ನು ಡಬ್ಬಿಯಲ್ಲಿಟ್ಟು ಜಿಪ್ ಎಳೆದೆ.

ಸೇಡಂ, ಆಟೋ, ಮನೆ, ಬರ್ರಿ ಬರ್ರಿ, ಜೈಭೀಮ್ ಅಕ್ಕಾ, ಜೈಭೀಮ್, ಕುಂದ್ರಿ, ನೀರು ಕುಡೀರಿ, ಚಿಂಚೋಳಿಯಿಂದ ನಾದಿನಿ ಸುಂದರಮ್ಮ ಮಕ್ಕಳನ್ನು ಕಟ್ಟಿಕೊಂಡು ಬೆಳಿಗ್ಗೆಯೇ ಬಂದಿದ್ದಾಳೆ, ಪಡಸಾಲೆ ತುಂಬಿದೆ, ಅತ್ತೆ ಮಂಚದಿಂದ ಇಳಿದು ಚಾಪೆಯ ಮೇಲೆ ಕೂತು ಕೆಂಪು ಬ್ಯಾಗನ್ನು ತಮ್ಮ ಮುಂದೆ ಎಳೆದುಕೊಂಡರು, ಒಂದೊಂದೇ ಬಂತು, ಶಾಲು ಸುಂದರಮ್ಮನ ಹೆಗಲಿಗೆ, ಅಬ್ಬಾ ಎಷ್ಟು ಮೆತ್ತಗದ, ಆನೆ, ಕೀಲಿಕೈ ಚೈನು, ಬುದ್ಧ, ಮಕ್ಕಳ ಕೂಗು, ಪೂನಮ್ ಕೂಡ ತನ್ನ ಶಾಲನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಸಲ ಭಾಳ ಚಂದ ಆರಿಸೀರಿ ಅಕ್ಕಾ ಅಂದಳು, ಪೂನಮ್! ಗೆದ್ದೆ ಅಂದುಕೊಂಡೆ, ತಗೋರಿ, ತಗೋರಿ, ಅಷ್ಟೇ ಅಂದೆ, ನಿಯಮ ನಿಯಮವೇ, ಅತ್ತೆಯ ಕೈ ತಳಕ್ಕೆ ಹೋಯಿತು, ತಳದಿಂದ ಬಂದದ್ದು — ತೆಂಗಿನಕಾಯಿ. ಆಮೇಲೆ ಎರಡು ಹಿಡಿ ಅಕ್ಕಿ ಕಟ್ಟಿದ ಕರವಸ್ತ್ರ. ಎಲೆ ಅಡಿಕೆ. ಅರಿಷಿಣ ಕುಂಕುಮದ ಪೊಟ್ಟಣ. ಹಸಿರು ಕುಪ್ಪಸದ ಖಣ. ಅಯ್ಯೋ ಪ್ರಮಿತಾ, ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸಬಾರದು ನಿಮ್ಮ ಮನೆಯಲ್ಲಿ, ರೈಲಿನ ಬಾಗಿಲಲ್ಲಿ ಉಡಿ ತುಂಬಲಾಗದೆ ಬ್ಯಾಗಿನ ಉಡಿ ತುಂಬಿದ್ದೀಯಾ, ನಾನೂ ಒಂದೀಟು ಇಟ್ಟೀನಿ ಅಂದದ್ದು ಇದನ್ನೇ! ಪೂನಮ್ ತೆಂಗಿನಕಾಯಿಯನ್ನು ಎರಡು ಕೈಯಲ್ಲಿ ಎತ್ತಿದಳು, ಅಕ್ಕಾ, ಅಜಂತಾದಾಗ ಬುದ್ಧ ಉಡಿ ತುಂಬಿ ಕಳಸ್ತಾನೇನ್ರೀ? ಖಣದ ಕವರಿನ ಮೇಲೆ ವಾಡಿಯ ಬಟ್ಟೆ ಅಂಗಡಿಯ ಹೆಸರು, ಅದನ್ನೂ ಓದಿದಳು, ಗಟ್ಟಿಯಾಗಿ ಓದಿದಳು, ಸುಂದರಮ್ಮನ ಮಕ್ಕಳು ಕೂಡ ನಕ್ಕರು. ನೇರ ಕೇಳಿದರೆ ಸುಳ್ಳಾಡಬಾರದು, ನನ್ನದೇ ನಿಯಮ, ಹೌದು ಪೂನಮ್, ವಾಡಿಯಾಗ ಹತ್ತ್ಯಾವ, ಎಲ್ಲಾ ಫೋನಿನಾಗ ತರಿಸೀನಿ, ಹೋಗೋಕ್ಕಿಂತ ಮೊದಲೇ, ಹೋದ ಸಲ ಅಂಗಡ್ಯಾಗ ನಿಂತು ನಿಂತು ಬುದ್ಧನ ಮುಖ ನೋಡ್ಲಿಲ್ಲ ನಾ, ಅತ್ತಿ ಮುಂದ ಸುಳ್ಳು ಹೇಳಿದ್ದೆ.

ಅತ್ತೆ ನಗಲಿಲ್ಲ, ಕಾಯಿಯನ್ನು ಪೂನಮ್‌ಳ ಕೈಯಿಂದ ತಗೊಂಡು ಬದಿಗಿಟ್ಟರು, ಅವೆಲ್ಲ ಇರ್ಲಿ, ಈ ಸಲ ನೋಡೀಯೇನು? ನೋಡೀನ್ರೀ ಅತ್ತಿ. ಹ್ಯಾಂಗದಾನ? ಅದೇ ಪ್ರಶ್ನೆ, ಮೂರು ವರ್ಷ ನನ್ನನ್ನು ತಿಂದ ಪ್ರಶ್ನೆ, ಈಗ ಬಂತು, ಬಾ, ನಾನು ಎಷ್ಟು ಸಿರಿವಂತಳು ಗೊತ್ತೇನು — ದಣಿದಾನ್ರೀ ಅತ್ತಿ, ದಿನವೆಲ್ಲ ನಡದು ಬಂದಂವ ಮಲಗ್ಯಾನ, ಕಾಲಿನ ಮ್ಯಾಲ ಕಾಲು, ಮೈಮೇಲಿನ ಬಟ್ಟಿ ನೀರಿನಂಗ ಇಳದದ, ಕೆಳಗ ಶಿಷ್ಯರು ಅಳಾಕತ್ತ್ಯಾರ, ಅಂವ ಮಾತ್ರ ಆರಾಮ ಅದಾನ, ಮತ್ತ ತಲಿ ಕೆಳಗ ಕಲ್ಲಿನ ದಿಂಬು ಅದಲ್ರೀ, ಅದು ತಗ್ಗ್ಯದ, ತಲಿ ಭಾರಕ್ಕ ಕಲ್ಲು ತಗ್ಗ್ಯದ. ಅತ್ತೆ ಮುಂದೆ ಬಾಗಿದರು, ಎಷ್ಟು ತಗ್ಗು? ಅಂಗೈಯನ್ನು ಬೊಗಸೆ ಮಾಡಿ ತೋರಿಸಿದೆ, ಇಷ್ಟು. ಅವರು ನನ್ನ ಅಂಗೈಯನ್ನು ಕಣ್ಣ ಹತ್ತಿರ ಎಳೆದುಕೊಂಡರು, ಇಪ್ಪತ್ತೆರಡು ವರ್ಷ ಕಲ್ಲು ಸಪಾಟ ಮಾಡೀನವ್ವ ನಾ, ಉಳಿ ತಪ್ಪಿ ಹೆಬ್ಬಟ್ಟಿನಷ್ಟು ತಗ್ಗು ಬಿತ್ತಂದ್ರ ಮ್ಯಾಲಿನ ಮುಕಾದಮ ಕೆಟ್ಟ ಕಲ್ಲು ಅಂತ ಬೀಸಿ ಒಗೀತಿದ್ದ, ಮಂದಿ ಮುಂದ ಬೈತಿದ್ದ, ಅಲ್ಲಿ ಅದೇ ತಗ್ಗಿನಾಗ ಬುದ್ಧ ತಲಿ ಇಟ್ಟಾನ? ಇಟ್ಟಾನ್ರೀ ಅತ್ತಿ. ಅತ್ತೆ ನಕ್ಕರು, ಉಬ್ಬಸದ ನಡುವೆ, ಕೆಮ್ಮುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಗ್ಲೇ ಗೊತ್ತಿದ್ರ ಆ ಮುಕಾದಮಗ ಹೇಳ್ತಿದ್ದೆ ಬಿಡು, ಪೂನಮ್ ಸುಮ್ಮನೆ ಹತ್ತಿರ ಸರಿದು ಕೂತಳು, ಹೇಳ್ರಿ ಅಕ್ಕಾ, ಮತ್ತ? ಮತ್ತೆ ಇದೆ, ತುಟಿ ಇದೆ, ಮೂಗು ಇದೆ, ಎರಡು ತಾಸಿನಷ್ಟು ಇದೆ, ಹೇಳಬೇಕು, ಬಾಯಿ ತೆರೆದೆ, ಅತ್ತೆ ತಮ್ಮ ಗಂಟುಗಟ್ಟಿದ ಹೆಬ್ಬೆರಳನ್ನು ನನ್ನ ಅಂಗೈಯ ನಡುವೆ ಇಟ್ಟು ಒತ್ತಿದರು, ಇಲ್ಲೇ, ಇಷ್ಟೇ ಆಳ ಬೀಳ್ತಿತ್ತು ನಂದೂ ಅಂದರು, ಕಲ್ಲು, ಕಲ್ಲಿನ ದಿಂಬು, ಅದರ ನಡುವೆ ಆ ತಗ್ಗು, ಆ ತಗ್ಗು —