ಸೆಂಬವಾಂಗಿನ ಆಫೀಸರು

ಡಾಕ್ಟರ್ ಕೇಳಿದ ಪ್ರಶ್ನೆ ಸುಮತಿಗೆ ಹೊಸದಲ್ಲ. ನಿಮ್ಮ ತಂದೆ ಏನು ಕೆಲಸ ಮಾಡುತ್ತಿದ್ದರು, ಎಲ್ಲಿ, ಯಾವ ವರ್ಷಗಳಲ್ಲಿ? ಇದನ್ನು ಅವಳೇ ಎಷ್ಟೋ ಮನೆಗಳಲ್ಲಿ ಕುಳಿತು ಕೇಳಿದ್ದಳು. ಆಸ್ಟ್ರೇಲಿಯಾದ ಪರ್ತ್‌ನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಎಳೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಗುರುತಿಸುವುದು ಅವಳ ಉದ್ಯೋಗ. ಹಳೆಯ ಬೇಲಿ, ಶಾಲೆಯ ಚಾವಣಿ, ಸತ್ತವರ ಕೆಲಸದ ಚರಿತ್ರೆ ಎಲ್ಲವೂ ಅವಳ ಮೇಜಿಗೆ ಬರುತ್ತಿದ್ದವು.

ಅವಳು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಳು. ಎಪ್ಪತ್ತಾರರ ಗಣಪತಿ ಉಸಿರು ಎಳೆದುಕೊಂಡು, ಪಕ್ಕದಲ್ಲಿ ಕುಳಿತಿದ್ದ ಅಳಿಯ ವಸಂತಕುಮಾರನ ಕಡೆ ಒಮ್ಮೆ ನೋಡಿದರು.

"ಸ್ಟೋರಿನಲ್ಲಿ. ಆಫೀಸರು," ಎಂದರು.

"ಸಿಂಗಪುರದ ಬ್ರಿಟಿಷ್ ನೌಕಾನೆಲೆಯಲ್ಲಿ ಸ್ಟೋರ್ ಆಫೀಸರ್ ಆಗಿದ್ದರು," ಎಂದು ಸುಮತಿ ಇಂಗ್ಲಿಷಿನಲ್ಲಿ ಹೇಳಿದಳು.

ನೌಕಾನೆಲೆ ಎಂದ ಕೂಡಲೇ ಡಾಕ್ಟರಮ್ಮ ಪೆನ್ನು ನಿಲ್ಲಿಸಿದರು. ಹಡಗುಗಳ ಒಳಗೆ, ಬಾಯ್ಲರ್ ಕೋಣೆಯಲ್ಲಿ ಎಂದಾದರೂ ಕೆಲಸ ಮಾಡಿದ್ದಾರೆಯೇ ಎಂದು ಕೇಳಿದರು.

"ಇಲ್ಲ ಇಲ್ಲ. ಮೇಜು, ಕುರ್ಚಿ, ಫ್ಯಾನು," ಎಂದರು ಗಣಪತಿ.

ಅದನ್ನೂ ಅವಳು ಹಾಗೆಯೇ ಹೇಳಿದಳು. ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಂಡರು. ಭಾರತದಿಂದ ಬಂದ ವಯಸ್ಸಾದವರ ಶ್ವಾಸಕೋಶದ ಸುತ್ತ ನೀರು ತುಂಬಿದರೆ ಮೊದಲು ಕ್ಷಯವನ್ನೇ ಅನುಮಾನಿಸಬೇಕಾಗುತ್ತದೆ ಎಂದು ವಿವರಿಸಿ, ನೀರು ತೆಗೆದು ಪರೀಕ್ಷೆಗೆ ಕಳಿಸಿದರು.

ಗಣಪತಿ ಆಫೀಸರಾದದ್ದು 1989ರಲ್ಲಿ, ಸುಮತಿಗೆ ಗಂಡು ನೋಡುವಾಗ. ಗಂಡಿನ ಕಡೆಯವರು ಮೈಸೂರಿನವರು; ವಸಂತಕುಮಾರನ ತಂದೆ ಪ್ರೊಫೆಸರು, ತಾಯಿ ರುಕ್ಮಿಣಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ. ಅವರು ಹೆಣ್ಣು ನೋಡಲು ಕಾರವಾರಕ್ಕೆ ಬಂದಾಗ ಸುಮತಿಯ ಸೋದರಮಾವ, "ಹುಡುಗಿ ತಂದೆ ಸಿಂಗಪುರದ ನೇವಿಯಲ್ಲಿ ಆಫೀಸರಾಗಿದ್ರು" ಎಂದುಬಿಟ್ಟ. ಯಾರೂ ತಿದ್ದಲಿಲ್ಲ. ಎಂ.ಎಸ್ಸಿ. ಮುಗಿಸಿದ್ದ ಸುಮತಿ ಕೂಡ ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ಅದನ್ನು ಕೇಳಿಸಿಕೊಂಡಿದ್ದಳು. ಆಗ ನಾಚಿಕೆಯಾಗಿರಲಿಲ್ಲ. ಮನಸ್ಸು ಹಗುರವಾಗಿತ್ತು.

ಅವಳು ಹುಟ್ಟಿದ್ದು ಸಿಂಗಪುರದ ಸೆಂಬವಾಂಗಿನಲ್ಲಿ, ಆ ನೌಕಾನೆಲೆಯ ಕೂಲಿಲೈನಿನಲ್ಲಿ. ಆರು ವರ್ಷದವರೆಗಿನ ನೆನಪು ಸ್ವಲ್ಪವೇ, ಆದರೆ ಒಂದು ಮಾತ್ರ ಸ್ಪಷ್ಟ. ಸಂಜೆ ಹಡಗು ದುರಸ್ತಿಯ ಡಾಕಿನ ಸೈರನ್ ಕೂಗಿದ ಮೇಲೆ ಅಪ್ಪ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ಬರುತ್ತಿದ್ದರು. ಲೈನಿನ ಮಕ್ಕಳು "ಅಜ್ಜ ಬಂದ, ಅಜ್ಜ ಬಂದ" ಎಂದು ಕುಣಿಯುತ್ತಿದ್ದರು. ಅಪ್ಪನೂ ಬೆನ್ನು ಬಾಗಿಸಿ, ಇಲ್ಲದ ಕೋಲೂರಿ ನಡೆದು ನಗಿಸುತ್ತಿದ್ದರು. ಯುದ್ಧನೌಕೆಗಳ ಹಬೆಯ ಕೊಳವೆಗಳಿಗೆ ಕಲ್ನಾರಿನ ಪುಡಿ ಕಲಸಿ ಮೆತ್ತುವುದು ಅವರ ಕೆಲಸ. ಆ ಕೆಲಸದವರನ್ನು ಲ್ಯಾಗರ್ ಎನ್ನುತ್ತಿದ್ದರು. 1971ರಲ್ಲಿ ಬ್ರಿಟಿಷರು ಬಾವುಟ ಇಳಿಸಿ ಹೊರಟಾಗ ಗಣಪತಿಯೂ ಹೆಂಡತಿ ಮಕ್ಕಳೊಂದಿಗೆ ಕಾರವಾರಕ್ಕೆ ಮರಳಿ ಸೈಕಲ್ ಅಂಗಡಿ ಇಟ್ಟರು.

ಮೂರು ವರ್ಷಗಳ ಹಿಂದೆ ಅವರು ಪರ್ತ್‌ನ ಥಾರ್ನ್ಲಿಯಲ್ಲಿದ್ದ ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಆಫೀಸರ ಪಟ್ಟ ಇನ್ನೂ ಭದ್ರವಾಯಿತು. ಅದೇ ಮನೆಯಲ್ಲಿದ್ದ ರುಕ್ಮಿಣಿ ಕನ್ನಡ ಸಂಘದಲ್ಲಿ "ನಮ್ಮ ಬೀಗರು ನೇವಿ ಆಫೀಸರು" ಎಂದು ಎಲ್ಲರಿಗೂ ಪರಿಚಯಿಸಿದರು. ಸಂಘದವರು ಆಗಸ್ಟ್ ಹದಿನೈದಕ್ಕೆ ಇವರ ಕೈಯಲ್ಲೇ ಬಾವುಟ ಹಾರಿಸಿದರು. ಅವರು ಇಂಗ್ಲಿಷ್ ಮಾತಾಡುವುದಿಲ್ಲವೇಕೆ ಎಂದು ಯಾರೋ ಕೇಳಿದ್ದಕ್ಕೆ, "ಮಗಳ ಮನೆಯಲ್ಲಿ ಕನ್ನಡವೇ ಚಂದ" ಎಂದರು ಗಣಪತಿ. ಸಭೆ ಚಪ್ಪಾಳೆ ತಟ್ಟಿತು.

ವಸಂತಕುಮಾರನಿಗಂತೂ ಹಳೆಯ ಹಡಗುಗಳ ಹುಚ್ಚು. ಆ ನೆಲೆಯನ್ನು ಕಟ್ಟಲು ಎಷ್ಟು ವರ್ಷ ಹಿಡಿಯಿತು, ಅದನ್ನು ಯಾರೂ ಗೆಲ್ಲಲಾರರು ಎಂದು ಹೇಗೆ ನಂಬಿದ್ದರು, ತೆರೆದ ನಾಲ್ಕೇ ವರ್ಷಕ್ಕೆ ಜಪಾನೀಯರ ಪಾಲು ಹೇಗಾಯಿತು, ಎಲ್ಲವನ್ನೂ ಓದಿಕೊಂಡಿದ್ದ.

"ಮಾವ, ಆ ದೊಡ್ಡ ಡಾಕ್‌ನಲ್ಲಿ ಕ್ವೀನ್ ಮೇರಿ ಹಡಗೇ ನಿಂತಿತ್ತಂತೆ, ಹೌದಾ?"

"ಅದು ನಾ ಹೋಗೂದಕ್ಕೂ ಮುಂಚೆ."

"ಡಾಕ್‌ನಿಂದ ನೀರು ಖಾಲಿ ಮಾಡೋಕೆ ಎಷ್ಟು ಹೊತ್ತು ಹಿಡೀತಿತ್ತು?"

"ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ."

ಆಫೀಸರ್ ಅಂದರೆ ಹೀಗೇ ಇರಬೇಕು ಎಂದು ವಸಂತಕುಮಾರ ನಕ್ಕಿದ್ದ.

ಆಸ್ಪತ್ರೆಯಿಂದ ಬಂದ ರಾತ್ರಿ ಸುಮತಿ ಅಡಿಲೇಡ್‌ನ ಮಾಡ್ಬರಿಯಲ್ಲಿದ್ದ ಅಣ್ಣ ನಾಗರಾಜನಿಗೆ ಫೋನ್ ಮಾಡಿದಳು. ಅವನು ಮಗಳು ಅದಿತಿಗೆ ಗಂಡು ಹುಡುಕುತ್ತಿದ್ದ.

"ಡಾಕ್ಟರಿಗೆ ನಿಜ ಹೇಳ್ಬೇಕು ಅಣ್ಣ. ಇಲ್ದಿದ್ರೆ ಅವರು ಬೇರೆ ಕಾಯಿಲೆ ಹುಡುಕ್ತಾರೆ."

"ಹೇಳು. ಬೇಡ ಅಂದೋರ್ಯಾರು? ಆದ್ರೆ ಭಾವನ ಎದುರಿಗೆ ಬೇಡ. ಬ್ರಿಸ್ಬೇನ್‌ನವರು ಮುಂದಿನ ತಿಂಗಳು ಅದಿತಿನ ನೋಡೋಕೆ ಬರ್ತಿದಾರೆ. ಅವರಿಗೆ ಭಾವನೇ ಪರಿಚಯದೋರು."

"ಅವರಿಗೂ ಆಫೀಸರ್ ಅಂತ ಹೇಳಿದ್ಯಾ?"

"ನಾನೆಲ್ಲಿ ಹೇಳಿದೆ? ನಿಮ್ಮತ್ತೆ ಹೇಳಿದ್ದು. ನಾನು ಅಲ್ಲ ಅನ್ನಲಿಲ್ಲ ಅಷ್ಟೇ."

ನಾನೂ ಅಷ್ಟೇ ಮಾಡಿದ್ದು ಎಂದು ಸುಮತಿಗೆ ಅನಿಸಿತು. ಫೋನಿಟ್ಟಳು.

ಮರುದಿನ ಹಿತ್ತಲಿನ ಬಿಸಿಲಲ್ಲಿ ಕುಳಿತಿದ್ದ ಅಪ್ಪನ ಬಳಿ ಹೋದಳು. ಜುಲೈ ಇಲ್ಲಿ ಚಳಿಗಾಲ; ಅವರು ಮಫ್ಲರ್ ಸುತ್ತಿಕೊಂಡಿದ್ದರು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು.

"ಅಪ್ಪ, ಲ್ಯಾಗಿಂಗ್ ಕೆಲಸ ಅಂತ ಡಾಕ್ಟರಿಗೆ ಹೇಳ್ಬೇಕು. ಆ ಪುಡಿ ಎದೆಯೊಳಗೆ ಕೂತಿರುತ್ತೆ. ನಲ್ವತ್ತು ವರ್ಷ ಆದಮೇಲೆ ಕಾಯಿಲೆ ತರುತ್ತೆ."

"ಯಾರ ಎದ್ರಿಗೆ ಹೇಳೂದು? ಅಳಿಯನ ಎದ್ರಿಗಾ?"

"ಅವರನ್ನ ಹೊರಗೆ ಕೂರಿಸ್ತೀನಿ."

"ಎಂತ ಹೇಳಿ ಕೂರಿಸ್ತೆ?" ಅವರು ಕೆಮ್ಮಿ ಸುಧಾರಿಸಿಕೊಂಡರು. "ಇಷ್ಟು ವರ್ಷ ಬೀಗರ ಮನೆಯಲ್ಲಿ ಆಫೀಸರ್ ಎಲೆ ಹಾಕಿಸ್ಕಂಡು ಉಂಡಿದ್ದೆ ಮಗಾ. ಈಗ ಅರ್ಧ ಊಟದಲ್ಲಿ ಏಳೂದಾ? ನಿನ್ನ ಮರ್ಯಾದೆ ಎಂತ ಆಗ್ತದೆ?"

ಅಪ್ಪ ಸುಳ್ಳನ್ನು ಹೊತ್ತಿದ್ದು ತನಗಾಗಿ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಇಳಿಸಬೇಕಾದವಳೂ ತಾನೇ. ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದ್ದರೆ ಮುಗಿಯುತ್ತಿತ್ತು. ಆದರೆ ತಾನು ಎಲ್ಲಿ ಕೆಲಸ ಮಾಡುತ್ತೇನೆಂಬುದು ಆ ಡಾಕ್ಟರಿಗೆ ಗೊತ್ತು. ನಿಮ್ಮಂಥವರು ಇದನ್ನು ಹೇಗೆ ಮುಚ್ಚಿಟ್ಟಿರಿ ಎಂದು ಅವರು ಕೇಳದೇ ಇದ್ದರೂ, ಆ ಕೇಳದಿರುವಿಕೆಯನ್ನು ಎದುರಿಸುವುದು ಹೇಗೆ? ಇವತ್ತು, ನಾಳೆ ಎನ್ನುತ್ತಲೇ ಎರಡನೆಯ ಭೇಟಿಯ ದಿನ ಬಂತು. ಅವತ್ತು ಹೊರಗೆ ಕೂರಿ ಎಂದು ಗಂಡನಿಗೆ ಹೇಳಲೂ ಬಾಯಿ ಬರಲಿಲ್ಲ. ಮಾವನ ತೋಳು ಹಿಡಿದು ಒಳಗೆ ಕರೆತಂದವನೇ ಅವನು.

ನೀರಿನಲ್ಲಿ ಕ್ಷಯದ ಸೂಕ್ಷ್ಮಾಣು ಸಿಕ್ಕಿರಲಿಲ್ಲ. ಆದರೂ ಸಿಗದಿರುವುದು ಅಪರೂಪವಲ್ಲ, ಕ್ಷಯದ ಮಾತ್ರೆ ಶುರುಮಾಡಿ ನೋಡೋಣ ಎಂದರು ಡಾಕ್ಟರಮ್ಮ. ಪರದೆಯ ಮೇಲೆ ಸ್ಕ್ಯಾನಿನ ಒಂದು ಅಂಚನ್ನು ತೋರಿಸಿದರು. ಶ್ವಾಸಕೋಶದ ಹೊದಿಕೆ ಅಲ್ಲಿ ದಪ್ಪಗಾಗಿತ್ತು.

"ಇವರು ಕಲ್ನಾರಿನ ಧೂಳಿನಲ್ಲಿ ಕೆಲಸ ಮಾಡಿದ್ದಿದ್ದರೆ ನಾನು ಮಾತ್ರೆ ಕೊಡುತ್ತಿರಲಿಲ್ಲ. ಇಲ್ಲಿಂದ ಚೂರು ತೆಗೆದು ಪರೀಕ್ಷೆ ಮಾಡಿಸುತ್ತಿದ್ದೆ. ಮೇಜಿನ ಕೆಲಸದವರಿಗೆ, ಈ ವಯಸ್ಸಿನಲ್ಲಿ, ಆ ನೋವು ಕೊಡಬೇಕೆಂದು ನನಗೆ ಅನಿಸುವುದಿಲ್ಲ."

ಡಾಕ್ಟರಮ್ಮ ಮಾತ್ರೆಗಳನ್ನು ಬರೆಯಲು ಕಂಪ್ಯೂಟರಿನತ್ತ ತಿರುಗಿದರು. ಸುಮತಿ ಗಂಡನ ಮುಖ ನೋಡಲಿಲ್ಲ. ಅಪ್ಪನಿಗೆ ತಿಳಿಯಬಾರದೆಂದು ಧ್ವನಿ ತಗ್ಗಿಸಿ, ಇಂಗ್ಲಿಷಿನಲ್ಲಿ ಬೇಗ ಬೇಗ ಹೇಳತೊಡಗಿದಳು. ಮೊದಲ ಸಲ ಹೇಳಿದ್ದು ಸರಿಯಿಲ್ಲ, ಅಪ್ಪನ ಕೆಲಸ ಸ್ಟೋರಿನದ್ದಲ್ಲ, ಅವರು...

"ಲ್ಯಾಗರ್," ಎಂದರು ಗಣಪತಿ.

ಮೂವರೂ ಅವರತ್ತ ತಿರುಗಿದರು.

"ನೋ ಸ್ಟೋರ್, ಮೇಡಂ. ನೋ ಆಫೀಸರ್. ಲ್ಯಾಗರ್. ಬಾಯ್ಲರ್ ರೂಮ್. ಬ್ಯಾಗ್ ಕಟಿಂಗ್, ವಾಟರ್ ಮಿಕ್ಸಿಂಗ್, ಪೈಪ್ ಫಿಕ್ಸಿಂಗ್. ಆಲ್ ಡಸ್ಟ್. ಬ್ಲಡಿ ಡಸ್ಟ್." ತಕ್ಷಣ ನಾಲಿಗೆ ಕಚ್ಚಿಕೊಂಡು, "ಸಾರಿ, ಮೇಡಂ," ಎಂದರು.

ಸುಮತಿಗೆ ಮುಖ ಎತ್ತಲಾಗಲಿಲ್ಲ. ಇಂಗ್ಲಿಷ್ ಫೋರ್‌ಮನ್‌ಗಳ ಕೈಕೆಳಗೆ ಅಷ್ಟು ವರ್ಷ ದುಡಿದ ಮನುಷ್ಯನಿಗೆ ಇಂಗ್ಲಿಷ್ ತಿಳಿಯದು ಎಂದು ತಾನು ನಂಬಿದ್ದು ಹೇಗೆ? ಅದು ಬೈಗುಳ ಮತ್ತು ಆಜ್ಞೆಗಳಿಂದ ಕಲಿತ ಇಂಗ್ಲಿಷ್. ಬೀಗರ ಮುಂದೆ ಬಾಯಿಬಿಟ್ಟರೆ ಆಫೀಸರು ಉಳಿಯುವುದಿಲ್ಲವೆಂದು ಅವರು ಅದನ್ನು ನುಂಗಿಕೊಂಡಿದ್ದರು. ಮೊದಲ ಭೇಟಿಯಲ್ಲಿ ಡಾಕ್ಟರು ಕೇಳಿದ್ದೂ, ಮಗಳು ಕಣ್ಣುಮುಚ್ಚಿ ಹೇಳಿದ ಸುಳ್ಳೂ ಅವರಿಗೆ ಪೂರಾ ಅರ್ಥವಾಗಿತ್ತು.

ವಸಂತಕುಮಾರ ಮೊಣಕಾಲ ಮೇಲಿದ್ದ ಮಾವನ ಮಫ್ಲರನ್ನು ಮಡಿಸುತ್ತಿದ್ದ. ಮಡಿಸಿ ಮುಗಿದ ಮೇಲೂ ಮತ್ತೆ ಬಿಚ್ಚಿ ಮಡಿಸಿದ.

ಡಾಕ್ಟರಮ್ಮ ಯಾರನ್ನೂ ಆಕ್ಷೇಪಿಸಲಿಲ್ಲ. ಬರೆದಿದ್ದನ್ನು ಅಳಿಸಿ, ಕುರ್ಚಿಯನ್ನು ಗಣಪತಿಯ ಎದುರಿಗೇ ಎಳೆದುಕೊಂಡರು. ಇನ್ನು ದುಭಾಷಿ ಬೇಕಾಗಲಿಲ್ಲ. ಮುಖಕ್ಕೆ ಏನಾದರೂ ಕಟ್ಟಿಕೊಳ್ಳುತ್ತಿದ್ದಿರಾ ಎಂದು ಕೇಳಿದರು. ಹ್ಯಾಂಕಿ, ಮೇಡಂ. ಎಷ್ಟು ಹಡಗುಗಳು? ಪ್ಲೆಂಟಿ, ಮೇಡಂ. ಗಣಪತಿ ನೆಟ್ಟಗೆ ಕುಳಿತು ಉತ್ತರಿಸುತ್ತಿದ್ದರು. ಉಸಿರಿಗೆ ಕಷ್ಟವಾದರೂ ಧ್ವನಿಯಲ್ಲಿ ಅಳುಕಿರಲಿಲ್ಲ.

"ಕೆಲಸದ ಬಟ್ಟೆಗಳನ್ನು ಯಾರು ಒಗೆಯುತ್ತಿದ್ದರು?"

ಈ ಪ್ರಶ್ನೆ ಬರುತ್ತದೆಂದು ಸುಮತಿಗೆ ಗೊತ್ತಿರಬೇಕಿತ್ತು. ತನ್ನ ಕೆಲಸದಲ್ಲಿ ಅವಳು ಇದನ್ನು ಯಾವತ್ತೂ ಬಿಟ್ಟವಳಲ್ಲ.

"ವೈಫ್," ಎಂದರು ಗಣಪತಿ. "ಎವ್ರಿ ಡೇ. ಫಸ್ಟ್ ಶೇಕಿಂಗ್, ದೆನ್ ವಾಷಿಂಗ್." ಎರಡು ಕೈಯಲ್ಲಿ ಬಟ್ಟೆ ಹಿಡಿದು ಕೊಡವುವಂತೆ ಗಾಳಿಯಲ್ಲಿ ತೋರಿಸಿದರು.

ಡಾಕ್ಟರಮ್ಮ ಸುಮತಿಯತ್ತ ನೋಡಿದರು. ನಿಮ್ಮ ತಾಯಿ ಹೇಗಿದ್ದಾರೆ ಎಂದು ಮೆಲ್ಲಗೆ ಕೇಳಿದರು.

ತಾಯಿ ಶಿವಮ್ಮ ತೀರಿಕೊಂಡದ್ದು ಸುಮತಿಯ ಮದುವೆಯಾಗಿ ಐದು ವರ್ಷಕ್ಕೆ. ಎದೆಯಲ್ಲಿ ನೀರು ತುಂಬಿ. ಕಾರವಾರದಲ್ಲಿ ಕ್ಷಯವೆಂದು ಮಾತ್ರೆ ಕೊಟ್ಟಿದ್ದರು. ಸುಮತಿ ಅದನ್ನು ಎರಡು ಚಿಕ್ಕ ವಾಕ್ಯಗಳಲ್ಲಿ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬರೆದುಕೊಳ್ಳಲಿಲ್ಲ.

ಗಣಪತಿ ಮಗಳನ್ನೂ ಡಾಕ್ಟರನ್ನೂ ನೋಡಿದರು. ಮಾತುಗಳೆಲ್ಲ ಅವರಿಗೆ ತಿಳಿದಿದ್ದವು. ಅವುಗಳ ನಡುವಿನ ಸಂಬಂಧ ತಿಳಿದಿರಲಿಲ್ಲ.

"ಬಟ್ಟೆ ಸುದ್ದಿ ಎಂತಕ್ಕೆ ಕೇಳಿದ್ರು ಮಗಾ? ನಿನ್ನ ಆಯಿಗೂ ಇದಕ್ಕೂ ಎಂತ?"

ಈ ವಿಷಯವನ್ನು ಅಪರಿಚಿತರಿಗೆ ವಿವರಿಸಿಯೇ ಸುಮತಿ ಸಂಬಳ ಪಡೆಯುತ್ತಿದ್ದಳು. ಕೊಡವಿದ ಬಟ್ಟೆಯಿಂದ ಎದ್ದ ಎಳೆಗಳು ಎಷ್ಟು ಹೊತ್ತು ಗಾಳಿಯಲ್ಲಿ ತೇಲುತ್ತವೆ, ಯಾರ ಉಸಿರಿಗೆ ಹೋಗುತ್ತವೆ ಎಂದು ಚಿತ್ರ ಬರೆದು ತೋರಿಸಬಲ್ಲಳು. ನಿಜವೊಂದನ್ನು ಈಗಷ್ಟೇ ಒಪ್ಪಿಕೊಂಡು ಹಗುರಾದ ಆ ಮುಖವನ್ನು ನೋಡಿದಳು.

"ಸುಮ್ಮನೆ ಅಪ್ಪ. ಎಲ್ಲರನ್ನೂ ಕೇಳ್ತಾರೆ," ಎಂದಳು.

ಅವರು ನಂಬಲಿಲ್ಲವೇನೋ. ಅಳಿಯನ ಕಡೆ ತಿರುಗಿದರು. ಇಷ್ಟು ವರ್ಷ ಯಾರಿಗೆ ಹೆದರಿ ಸುಳ್ಳು ಕಾಪಾಡಿದ್ದರೋ ಅವನ ಮುಖವನ್ನೇ, ಸಾಕ್ಷಿ ಕೇಳುವವರಂತೆ ನೋಡಿದರು.

ವಸಂತಕುಮಾರ ಮಫ್ಲರನ್ನು ಮಾವನ ಹೆಗಲಿಗೆ ಹಾಕಿ, ಕುತ್ತಿಗೆಯ ಸುತ್ತ ಸರಿಪಡಿಸಿದ.

"ಹೌದು ಮಾವ," ಎಂದ. "ಎಲ್ಲರನ್ನೂ ಕೇಳ್ತಾರೆ."