ಬಾಲದ ಮೇಲೆ ನಿಲ್ಲುವ ವಿಮಾನ

ಗಂಡ ಹಾಸಿಗೆ ಹಿಡಿದ ಮೇಲೆ ಅವರ ಪುಟಾಣಿ ವಿಮಾನಗಳ ಕೆಲಸ ಅವಳ ಕೈಗೆ ಬಂತು. ಅವರ ಕೈ ನಡುಗುತ್ತಿತ್ತು. ಬಾಯಿ ಮಾತ್ರ ಇನ್ನೂ ಗಟ್ಟಿಯಾಗಿತ್ತು. ದಿಂಬಿಗೆ ಒರಗಿ ಅವರು ಹೇಳುವುದು, ಮಂಚದ ಪಕ್ಕದ ಮೇಜಿನ ಮೇಲೆ ಅವಳು ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸುವುದು.

ಇದು ಕಡೆಯ ಕಿಟ್ಟು, ಜೋಡಿಸಬೇಕಾದ ಬಿಡಿ ತುಂಡುಗಳ ಡಬ್ಬಿ. ಎಷ್ಟೋ ವರ್ಷದಿಂದ ಬೀರುವಿನ ಮೇಲೆ ಜೋಪಾನ ಮಾಡಿಟ್ಟದ್ದು. ರನ್‌ವೇಯೇ ಬೇಡವೆಂದು ಯಾರೋ ಪ್ರಯೋಗಕ್ಕೆ ಮಾಡಿ, ಆಮೇಲೆ ಕೈಬಿಟ್ಟ ಜೆಟ್ ವಿಮಾನ. ಮೂಗನ್ನು ಆಕಾಶಕ್ಕೆತ್ತಿ ಬಾಲದ ಮೇಲೆ ನಿಂತು, ನಿಂತಲ್ಲಿಂದಲೇ ನೆಟ್ಟಗೆ ಮೇಲೇರುವಂಥದ್ದು.

"ಇದು ನಿಂತಿದ್ದನ್ನ ಒಂದ್ಸಲ ನೋಡ್ಬೇಕು ಕಣೇ," ಎಂದಿದ್ದರು.

ಹೆಚ್ಚು ದಿನ ನೆಚ್ಚಬೇಡಿ ಎಂದು ಡಾಕ್ಟರು ಅವಳನ್ನು ಹೊರಗೆ ಕರೆದು ಹೇಳಿದ್ದರು. ಅದಕ್ಕೇ ಅವಳಿಗೆ ಅವಸರ. ಮಧ್ಯಾಹ್ನ ಅವರಿಗೆ ಜೋಂಪು ಹತ್ತಿದಾಗ, ಒಲೆಯ ಮೇಲೆ ಹಾಲಿಟ್ಟು ಬಂದು, ವಿಮಾನದ ಒಡಲಿನ ಎರಡು ಹೋಳುಗಳನ್ನು ತಾನೇ ಸೇರಿಸಿದಳು. ಸೇರಿಸುವ ಮುಂಚೆ, ಅವರು ಪ್ರತಿ ವಿಮಾನಕ್ಕೂ ಮಾಡುತ್ತಿದ್ದಂತೆ, ಮೂಗಿನೊಳಗೆ ಸೀಸದ ಗುಂಡುಗಳನ್ನು ತುಂಬಿದಳು. ಮೂಗು ಭಾರವಿಲ್ಲದಿದ್ದರೆ ವಿಮಾನ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂತುಬಿಡುತ್ತದೆ ಎಂದು ಅವರೇ ಹೇಳಿಕೊಟ್ಟಿದ್ದರು.

ಮರುದಿನ ಮೇಜಿನ ಮೇಲೆ ನಿಲ್ಲಿಸಿದರೆ ಧೊಪ್ಪನೆ ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು.

"ಮೂಗಿಗೆ ಸೀಸ ಹಾಕಿದ್ಯಾ?"

"ಯಾವಾಗ್ಲೂ ಹಾಕ್ತಿದ್ರಲ್ರೀ ನೀವು!"

"ಅಯ್ಯೋ ಪುಣ್ಯಾತ್ಗಿತ್ತಿ, ಬಾಲದ ಮೇಲೆ ಕೂರೋದೇ ಇದರ ಕೆಲ್ಸ ಅಲ್ವೇನೇ!" ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ತಣಿಯಲು ಬಹಳ ಹೊತ್ತು ಹಿಡಿಯಿತು. "ಒಳ್ಳೆ ಶಿಷ್ಯೆ ಸಿಕ್ಕಿದ್ಲು ನಂಗೆ."

"ಬಿಚ್ತೀನಿ ಬಿಡಿ."

"ಬಿಚ್ಚೋಕಾಗಲ್ಲ. ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡಿಬಿಡತ್ತೆ. ಕೊಯ್ದು, ಉಜ್ಜಿ, ಮತ್ತೆ ಕೂಡಿಸೋ ಹೊತ್ತಿಗೆ… ಯಾರು ಕಾಯ್ತಾರೆ?"

ಬೇಗ ಆಗಲಿ ಎಂದು ಮಾಡಿದ್ದೇ ಎಡವಟ್ಟಾಗಿತ್ತು. ವಿಮಾನವನ್ನು ಎತ್ತಿ ನಿಲ್ಲಿಸಿ, ಹಿಂದಿನಿಂದ ಒಂದು ಬೆರಳು ಆನಿಸಿ ಹಿಡಿದಳು.

"ನೋಡಿ, ನಿಂತಿದೆ."

ಅವರು ಬಾಲದಿಂದ ಮೂಗಿನ ತುದಿಯವರೆಗೂ ನಿಧಾನವಾಗಿ ನೋಡಿದರು.

"ಬೆರಳು ಕಾಣ್ತಿದೆ ಕಣೇ."

"ಕಂಡ್ರೆ ಕಾಣ್ಲಿ."

"ಕೈ ನೋಯತ್ತೆ."

"ನೋಯಲ್ಲ. ನೀವು ನೋಡಿ."

ಅವರು ನೋಡುತ್ತಲೇ ಇದ್ದರು. ರೆಪ್ಪೆ ಭಾರವಾಗಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ತೋಳು ಜೋಮು ಹಿಡಿದರೂ ಅವಳು ಬೆರಳು ತೆಗೆಯಲಿಲ್ಲ. ಅವರು ಕಣ್ಣು ಬಿಟ್ಟಾಗ ಅದು ಬಿದ್ದಿರಬಾರದು.